ತಟ್ಟೆಯಲ್ಲಿ ಗೆಲ್ಲುವ ಗಿಡಮೂಲಿಕೆ ಮಾತ್ರೆಯಾಗಿ ಏಕೆ ಬರುವುದಿಲ್ಲ?

ಪ್ರಶ್ನೆ: ತುಳಸಿ, ಬೇವು, ದಾಳಿಂಬೆ ಸಿಪ್ಪೆ ಮುಂತಾದವು ರೋಗಾಣುಗಳನ್ನು ಕೊಲ್ಲುತ್ತವೆಂದು ಪ್ರಯೋಗಾಲಯದಲ್ಲಿ ಸಾಬೀತಾಗಿದೆ ಎಂಬ ಸುದ್ದಿಯನ್ನು ಆಗಾಗ ಓದುತ್ತೇವೆ. ಹಾಗಿದ್ದರೆ ಇಷ್ಟು ವರ್ಷಗಳಲ್ಲಿ ಅವುಗಳಿಂದ ಒಂದಾದರೂ ಆಂಟಿಬಯೋಟಿಕ್ ಮಾತ್ರೆ ಏಕೆ ಬಂದಿಲ್ಲ? ಔಷಧ ಕಂಪನಿಗಳು ತಡೆಯುತ್ತಿವೆಯೇ?

ಉತ್ತರ: ಆ ಸುದ್ದಿಗಳಲ್ಲಿ ಹೆಚ್ಚಿನವು ಸುಳ್ಳಲ್ಲ. ಆದರೆ ಅವುಗಳ ಹಿಂದಿರುವ ಪ್ರಯೋಗ ಅಳೆಯುವುದು ತೀರಾ ಸೀಮಿತವಾದ ಒಂದು ಸಂಗತಿಯನ್ನು. ಅದು ಯಾವುದೆಂದು ತಿಳಿಯಬೇಕಾದರೆ ಪ್ರಯೋಗ ನಡೆಯುವ ಬಗೆಯನ್ನೇ ನೋಡಬೇಕು.

ಎಲೆಯನ್ನೋ ತೊಗಟೆಯನ್ನೋ ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿ, ಸಾಮಾನ್ಯವಾಗಿ ಮೆಥನಾಲಿನಲ್ಲಿ ನೆನೆಸಿ ಸೋಸುತ್ತಾರೆ. ದ್ರಾವಕ ಆವಿಯಾದ ಮೇಲೆ ಉಳಿಯುವ ಅಂಟಾದ ಪದಾರ್ಥವೇ ಸಾರ. ಮುಲ್ಲರ್-ಹಿಂಟನ್ ಅಗರ್ ಎಂಬ, ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ಲೋಳೆಯಂಥ ಮಾಧ್ಯಮ ತುಂಬಿದ ಪೆಟ್ರಿ ತಟ್ಟೆಯ ಮೇಲೆ ಬ್ಯಾಕ್ಟೀರಿಯಾವನ್ನು ಸಮನಾಗಿ ಸವರಿ, ಅಗರ್‌ನಲ್ಲಿ ಕೊರೆದ ಪುಟ್ಟ ಗುಂಡಿಗೆ ಈ ಸಾರವನ್ನು ತುಂಬಿ, 35ರಿಂದ 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ರಾತ್ರಿ ಇಡುತ್ತಾರೆ. ಬೆಳಿಗ್ಗೆ ಗುಂಡಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ತಿಳಿಯಾದ ಉಂಗುರ ಕಂಡರೆ ಅದರ ಅಗಲವನ್ನು ಮಿಲಿಮೀಟರುಗಳಲ್ಲಿ ಅಳೆಯುತ್ತಾರೆ. ಖರ್ಚು ಕಡಿಮೆ, ಕೌಶಲ ಬೇಗ ಕೈಗೂಡುತ್ತದೆ. ಆದ್ದರಿಂದಲೇ ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಸಂಶೋಧನೆಗಳಲ್ಲಿ ಇದು ಇಷ್ಟು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಉಂಗುರದ ಅಗಲ ಔಷಧದ ಶಕ್ತಿಯನ್ನು ನೇರವಾಗಿ ತೋರಿಸುವುದಿಲ್ಲ. ಅಗರ್ ನೀರಿನಿಂದ ತುಂಬಿದ ಮಾಧ್ಯಮವಾದ್ದರಿಂದ ನೀರಿನಲ್ಲಿ ಕರಗುವ ಸಣ್ಣ ಅಣುಗಳು ದೂರ ಹರಡುತ್ತವೆ. ಎಣ್ಣೆಯಂಶದ ಅಣುಗಳು ಎಷ್ಟೇ ಪ್ರಬಲವಾಗಿದ್ದರೂ ಗುಂಡಿಯ ಅಂಚಿನಲ್ಲೇ ನಿಂತುಬಿಡುತ್ತವೆ. ಇದಕ್ಕಿಂತ ದೊಡ್ಡ ತೊಡಕು ಪ್ರಮಾಣದ್ದು. ಹೋಲಿಕೆಗಾಗಿ ಪಕ್ಕದಲ್ಲಿ ಇಡುವ ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್‌ನ ಬಿಲ್ಲೆಯಲ್ಲಿರುವ ಔಷಧ ಕೇವಲ 5 ಮೈಕ್ರೋಗ್ರಾಂ. ಗುಂಡಿಗೆ ಹಾಕಿದ ಸಾರ 5 ಮಿಲಿಗ್ರಾಂ ಆಗಿದ್ದರೆ ಅದು ಸಾವಿರ ಪಟ್ಟು ಹೆಚ್ಚು. ಎರಡೂ ಉಂಗುರಗಳು ಒಂದೇ ಅಗಲ ಬಂದವೆಂದು ‘ಆಂಟಿಬಯೋಟಿಕ್‌ಗೆ ಸರಿಸಾಟಿ’ ಎಂಬ ತಲೆಬರಹ ಕೊಡುವವರು ಈ ಸಾವಿರವನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಆದ್ದರಿಂದ ಅನುಭವಸ್ಥರು ಉಂಗುರವನ್ನು ಮೊದಲ ಸೂಚನೆಯೆಂದಷ್ಟೇ ಎಣಿಸಿ, ಕನಿಷ್ಠ ಪ್ರತಿಬಂಧಕ ಸಾಂದ್ರತೆಯನ್ನು, ಅಂದರೆ ಎಂಐಸಿಯನ್ನು, ಕಂಡುಹಿಡಿಯಲು ಹೋಗುತ್ತಾರೆ. ಸಾರವನ್ನು ಪ್ರತಿ ಹಂತದಲ್ಲೂ ಅರ್ಧಕ್ಕೆ ತೆಳುವಾಗಿಸುತ್ತ ಸಾಲು ಗುಂಡಿಗಳಲ್ಲಿ ಬ್ಯಾಕ್ಟೀರಿಯಾದೊಂದಿಗೆ ಬೆರೆಸಿ, ಬೆಳವಣಿಗೆ ನಿಂತ ಅತ್ಯಂತ ತೆಳುವಾದ ದ್ರಾವಣ ಯಾವುದೆಂದು ನೋಡುವುದು ಈ ವಿಧಾನ. ಬಳಕೆಯಲ್ಲಿರುವ ಪ್ರತಿಜೀವಕಗಳು, ಅಂದರೆ ಆಂಟಿಬಯೋಟಿಕ್‌ಗಳು, ಮಿಲಿಲೀಟರಿಗೆ ಕೆಲವೇ ಮೈಕ್ರೋಗ್ರಾಂನಲ್ಲಿ, ಕೆಲವು ಅದಕ್ಕೂ ಎಷ್ಟೋ ಕಡಿಮೆಯಲ್ಲಿ, ಕೆಲಸ ಮಾಡುತ್ತವೆ. ಸಸ್ಯದಿಂದ ಬೇರ್ಪಡಿಸಿದ ಶುದ್ಧ ಅಣುಗಳಲ್ಲಿ ಬಹುಪಾಲಿನವಕ್ಕೆ ನೂರರಿಂದ ಸಾವಿರ ಮೈಕ್ರೋಗ್ರಾಂ ಬೇಕಾಗುತ್ತದೆ. ಕಚ್ಚಾ ಸಾರದ ವಿಷಯದಲ್ಲಿ ನೂರು ಮೈಕ್ರೋಗ್ರಾಂ ಒಳಗೆ ಫಲ ಸಿಕ್ಕರೆ ಮುಂದುವರಿಯಲು ಯೋಗ್ಯವೆಂದೂ, ಸಾವಿರ ದಾಟಿದರೆ ಅಲ್ಲಿಗೇ ಬಿಡುವುದು ಒಳ್ಳೆಯದೆಂದೂ ಈ ಕ್ಷೇತ್ರದಲ್ಲಿ ಒಂದು ಅಳತೆಗೋಲು ಚಾಲ್ತಿಯಲ್ಲಿದೆ.

ಈ ಅಂಕಿಗಳ ಅರ್ಥ ದೇಹದ ಲೆಕ್ಕಕ್ಕೆ ಇಳಿಸಿದಾಗ ತಿಳಿಯುತ್ತದೆ. ಒಂದು ಸಾರದ ಎಂಐಸಿ ಮಿಲಿಲೀಟರಿಗೆ 5 ಮಿಲಿಗ್ರಾಂ ಎಂದಿರಲಿ. ಸುಮಾರು 5 ಲೀಟರ್ ರಕ್ತದಲ್ಲಿ ಅಷ್ಟು ಸಾಂದ್ರತೆ ಬರಬೇಕಾದರೆ 25 ಗ್ರಾಂ ಸಾರ ರಕ್ತದಲ್ಲಿರಬೇಕು. ಒಣ ಎಲೆಯಲ್ಲಿ ಹತ್ತನೆಯ ಒಂದು ಪಾಲು ಸಾರ ಸಿಗುವುದೆಂದು ಹಿಡಿದರೂ ಕಾಲು ಕಿಲೋ ಒಣ ಎಲೆಯ ಸತ್ವವೆಲ್ಲ, ಜೀರ್ಣಾಂಗದಲ್ಲಿ ಸ್ವಲ್ಪವೂ ನಷ್ಟವಾಗದೆ, ಯಕೃತ್ತಿನಲ್ಲಿ ಕರಗದೆ, ಅಂಗಾಂಶಗಳಿಗೆ ಹರಡಿಹೋಗದೆ ರಕ್ತಕ್ಕೆ ಬಂದು ಗಂಟೆಗಟ್ಟಲೆ ನಿಲ್ಲಬೇಕು. ಅಮಾಕ್ಸಿಸಿಲಿನ್ ಎಂಬ ಪ್ರತಿಜೀವಕದ ಕ್ಯಾಪ್ಸೂಲಿನಲ್ಲಿ ಸಾಮಾನ್ಯವಾಗಿ ಇರುವುದು ಅರ್ಧ ಗ್ರಾಂ. ನಿಮ್ಮ ಪ್ರಶ್ನೆಗೆ ಉತ್ತರದ ಬಹುಭಾಗ ಈ ವ್ಯತ್ಯಾಸದಲ್ಲೇ ಇದೆ.

ಇನ್ನೊಂದು ಸಂಗತಿಯನ್ನು ಕಷಾಯ ಕುಡಿಯುವವರು ಗಮನಿಸಬೇಕು. ಪ್ರಯೋಗಾಲಯದಲ್ಲಿ ಪರೀಕ್ಷೆಯಾದದ್ದು ಮೆಥನಾಲ್ ಸಾರ. ಮನೆಯಲ್ಲಿ ಕುಡಿಯುವುದು ನೀರಿನಲ್ಲಿ ಕುದಿಸಿದ್ದು. ಎರಡರಲ್ಲಿ ಇಳಿದುಬರುವ ಅಣುಗಳು ಬೇರೆ ಬೇರೆ. ಬೆಳ್ಳುಳ್ಳಿಯ ಆಲಿಸಿನ್ ಇಡೀ ಎಸಳಿನಲ್ಲಿ ಇರುವುದೇ ಇಲ್ಲ. ಜಜ್ಜಿದಾಗ ಕಿಣ್ವವೊಂದರ ಕ್ರಿಯೆಯಿಂದ ಹುಟ್ಟುತ್ತದೆ, ಒಲೆಯ ಮೇಲೆ ಬೇಗನೆ ಹಾಳಾಗುತ್ತದೆ. ಚೀನಾದ ತು ಯೂಯೂ ಅವರ ಮಲೇರಿಯಾ ಸಂಶೋಧನೆ ತಿರುವು ಪಡೆದದ್ದೂ ಇಲ್ಲಿಯೇ. ಆರ್ಟೆಮಿಸಿಯಾ ಗಿಡದ ಸಾರ ಒಮ್ಮೆ ಫಲ ಕೊಟ್ಟು ಮತ್ತೊಮ್ಮೆ ಕೈಕೊಡುತ್ತಿದ್ದಾಗ, ನಾಲ್ಕನೆಯ ಶತಮಾನದ ಗೆ ಹಾಂಗ್ ಎಂಬ ವೈದ್ಯನ ಕೈಪಿಡಿಯಲ್ಲಿ ಆ ಸೊಪ್ಪನ್ನು ನೀರಿನಲ್ಲಿ ನೆನೆಸಿ ಹಿಂಡಿ ರಸ ಕುಡಿಯಬೇಕೆಂದಿರುವುದನ್ನು ಅವರು ಗಮನಿಸಿದರು. ಕುದಿಸುವ ಮಾತು ಅಲ್ಲಿರಲಿಲ್ಲ. ಬಿಸಿಯೇ ಕೆಡಿಸುತ್ತಿರಬಹುದೆಂದು ಊಹಿಸಿ, ಕಡಿಮೆ ಉಷ್ಣತೆಯಲ್ಲಿ ಕುದಿಯುವ ಈಥರ್ ಬಳಸಿ ಸಾರ ತೆಗೆದ ಮೇಲೆ ಆರ್ಟೆಮಿಸಿನಿನ್ ಎಂಬ ಮಲೇರಿಯಾ ಔಷಧ ದೊರೆಯಿತು. 2015ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಪರಂಪರೆಯನ್ನು ಗೌರವಿಸುವುದೆಂದರೆ ಗಿಡದ ಹೆಸರನ್ನು ಮಾತ್ರವಲ್ಲ, ಅದನ್ನು ಸಿದ್ಧಪಡಿಸಿದ ರೀತಿಯನ್ನೂ ಗಂಭೀರವಾಗಿ ಓದುವುದು ಎಂಬುದು ನನ್ನ ಅಭಿಪ್ರಾಯ.

ತಟ್ಟೆಯಲ್ಲಿ ಸುಲಭವಾಗಿ ಗೆದ್ದು ಸಂಶೋಧಕರನ್ನು ದಾರಿ ತಪ್ಪಿಸುವ ಅಣುಗಳೂ ಇವೆ. ದಾಳಿಂಬೆ ಸಿಪ್ಪೆಯಲ್ಲಿ ಒಗರು ಕೊಡುವ ಟ್ಯಾನಿನ್‌ಗಳು ಹೇರಳ. ಅವು ಎದುರಿಗೆ ಸಿಕ್ಕ ಪ್ರೋಟೀನುಗಳಿಗೆಲ್ಲ ಅಂಟಿಕೊಳ್ಳುತ್ತವೆ, ಅದು ರೋಗಾಣುವಿನದೋ ನಮ್ಮದೋ ಎಂಬ ಭೇದ ಅವಕ್ಕಿಲ್ಲ. ಅರಿಶಿನದ ಕರ್ಕ್ಯುಮಿನ್ ಅನೇಕ ಬಗೆಯ ಪರೀಕ್ಷೆಗಳಲ್ಲಿ ಹುಸಿ ಫಲಿತಾಂಶ ಕೊಡುವ ಅಣುವೆಂದು ರಸಾಯನವಿಜ್ಞಾನಿಗಳು 2017ರಲ್ಲಿ ವಿವರವಾದ ವಿಮರ್ಶೆಯನ್ನೇ ಬರೆದರು. ಸಾಲದ್ದಕ್ಕೆ ಅದು ಕರುಳಿನಿಂದ ರಕ್ತಕ್ಕೆ ಸೇರುವುದೂ ಅತ್ಯಲ್ಪ. ಹೀಗಾಗಿ ಮನುಷ್ಯನ ಜೀವಕೋಶಗಳ ಮೇಲೂ ಅದೇ ಸಾರವನ್ನು ಪರೀಕ್ಷಿಸದ ವರದಿ ಅರ್ಧ ವರದಿ. ಸಸ್ಯದ ಗುರುತಿನ ವಿಷಯದಲ್ಲಿಯೂ ಎಚ್ಚರ ಬೇಕು: ಅಶೋಕದ ಚಕ್ಕೆಯೆಂದು ಮಾರಾಟವಾಗುವುದರಲ್ಲಿ ಉದ್ಯಾನಗಳ ಅಂಚಿನಲ್ಲಿ ನೀಳವಾಗಿ ಬೆಳೆಯುವ ಸುಳ್ಳು ಅಶೋಕದ ತೊಗಟೆ ಸೇರಿರುವುದುಂಟು.

ಹಾಗಾದರೆ ಗಿಡಗಳು ಸೋಂಕಿನಿಂದ ತಮ್ಮನ್ನು ಕಾಪಾಡಿಕೊಳ್ಳುವುದು ಹೇಗೆ? ಇದಕ್ಕೆ ಒಳ್ಳೆಯ ಉತ್ತರ ಬರ್ಬರೀನ್ ಎಂಬ ಹಳದಿ ಅಣುವಿನ ಕಥೆಯಲ್ಲಿದೆ. ಪಶ್ಚಿಮ ಘಟ್ಟದ ಮರದರಿಶಿನದ ಕಾಂಡಕ್ಕೆ ಬಣ್ಣ ಕೊಡುವುದು ಇದೇ. ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾದ ಮೇಲೆ ಒಂಟಿಯಾಗಿ ಬಿಟ್ಟರೆ ಬರ್ಬರೀನ್ ದುರ್ಬಲ, ಏಕೆಂದರೆ ಒಳಗೆ ಬಂದ ಅಣುಗಳನ್ನು ಆ ಜೀವಿ, ದೋಣಿಗೆ ನುಗ್ಗಿದ ನೀರನ್ನು ಮೊಗೆದು ಹೊರಗೆ ಚೆಲ್ಲುವಂತೆ, ತನ್ನ ಪೊರೆಯಲ್ಲಿರುವ ನಾರ್-ಎ ಎಂಬ ಪಂಪಿನಿಂದ ಎತ್ತಿಹಾಕುತ್ತದೆ. ಫ್ರಾಂಕ್ ಸ್ಟರ್ಮಿಟ್ಜ್, ಕಿಮ್ ಲೂಯಿಸ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದ್ದೇನೆಂದರೆ, ಬರ್ಬೆರಿಸ್ ಜಾತಿಯ ಗಿಡಗಳು ಬರ್ಬರೀನ್ ಜೊತೆಗೆ ಈ ಪಂಪನ್ನು ಕಟ್ಟಿಹಾಕುವ ಇನ್ನೊಂದು ಅಣುವನ್ನೂ ತಯಾರಿಸುತ್ತವೆ. ಆ ಎರಡನೆಯ ಅಣು ತಾನಾಗಿ ಯಾವ ಬ್ಯಾಕ್ಟೀರಿಯಾವನ್ನೂ ಕೊಲ್ಲದು. ಬರ್ಬರೀನ್ ಜೊತೆಗಿದ್ದಾಗ ಮಾತ್ರ ಅದರ ಕೆಲಸ ಕಾಣುತ್ತದೆ. ಹಿಂದೆ ಕುಷ್ಠರೋಗಕ್ಕೆ ಬಳಸುತ್ತಿದ್ದ ಚಾಲ್ಮೊಗ್ರ ಎಣ್ಣೆಯಲ್ಲಿಯೂ ಅದೇ ಅಣು ಅಲ್ಪ ಪ್ರಮಾಣದಲ್ಲಿ ಸಿಕ್ಕಿತ್ತು ಎಂಬುದು ಕುತೂಹಲದ ಸಂಗತಿ.

ಈಗ ವಾಡಿಕೆಯ ವಿಧಾನವನ್ನು ನೆನೆಯಿರಿ. ಸಾರವನ್ನು ಭಾಗಗಳಾಗಿ ಬೇರ್ಪಡಿಸಿ, ಪ್ರತಿ ಭಾಗವನ್ನು ಪರೀಕ್ಷಿಸಿ, ಕೊಲ್ಲುವ ಭಾಗವನ್ನು ಮಾತ್ರ ಉಳಿಸಿಕೊಂಡು ಮತ್ತೆ ಬೇರ್ಪಡಿಸುತ್ತ ಹೋಗುತ್ತಾರೆ. ಪಂಪು ತಡೆಯುವ ಅಣು ಮೊದಲ ಸುತ್ತಿನಲ್ಲೇ ಕಸದ ಪಾಲಾಗುತ್ತದೆ. ಉಳಿದ ಅಣು ಒಂಟಿಯಾಗಿ ಸೊರಗುತ್ತದೆ. ಇಡೀ ಸಾರದಲ್ಲಿದ್ದ ಗುಣ ಶುದ್ಧೀಕರಿಸಿದಷ್ಟೂ ಮಾಯವಾಯಿತೆಂದು ಅನೇಕ ಸಂಶೋಧಕರು ಹೇಳುವುದರ ಹಿಂದೆ ಇಂಥ ಕಾರಣವೂ ಇರಬಹುದು. ಆದ್ದರಿಂದ ಸಸ್ಯಗಳಲ್ಲಿ ಹೊಸ ಪೆನಿಸಿಲಿನ್ ಹುಡುಕುವುದಕ್ಕಿಂತ, ಹಳೆಯ ಪ್ರತಿಜೀವಕಗಳಿಗೆ ಮತ್ತೆ ಹರಿತ ಕೊಡುವ ಜೊತೆಗಾರ ಅಣುಗಳನ್ನು ಹುಡುಕುವುದೇ ಹೆಚ್ಚು ಫಲಕಾರಿ ಎಂದು ನನಗೆ ತೋರುತ್ತದೆ. ಆದರೆ ಮರದರಿಶಿನ ನಿಧಾನವಾಗಿ ಬೆಳೆಯುವ ಬಳ್ಳಿ. ಗಂಡು, ಹೆಣ್ಣು ಬೇರೆ ಬೇರೆ. ಕಾಂಡಕ್ಕಾಗಿ ಕಡಿದು ಘಟ್ಟದಲ್ಲಿ ಅದು ಈಗಾಗಲೇ ಅಪರೂಪವಾಗಿದೆ. ಸಂಶೋಧನೆ ಮುಂದುವರಿಯುವ ಮೊದಲು ಬಳ್ಳಿ ಉಳಿದಿರಬೇಕಲ್ಲ.

ಕಂಪನಿಗಳ ಬಗ್ಗೆ: ತಡೆಯುವುದಕ್ಕಿಂತ ನಿರಾಸಕ್ತಿ ಎಂಬುದು ನಿಜಕ್ಕೆ ಹತ್ತಿರ. ಕೆಲವೇ ದಿನ ನುಂಗುವ, ಹೊಸದಾದಷ್ಟೂ ವೈದ್ಯರು ಕೊನೆಯ ಅಸ್ತ್ರವಾಗಿ ಕಾದಿರಿಸುವ ಔಷಧದಲ್ಲಿ ಲಾಭ ಕಡಿಮೆಯೆಂದು ಅನೇಕ ದೊಡ್ಡ ಕಂಪನಿಗಳು ಪ್ರತಿಜೀವಕ ಸಂಶೋಧನೆಯಿಂದಲೇ ಹಿಂದೆ ಸರಿದಿವೆ. ಸಸ್ಯಮೂಲವೆಂಬ ಕಾರಣಕ್ಕೆ ಯಾರೂ ಬಿಟ್ಟಿಲ್ಲ. ಸಿಂಕೋನಾ ತೊಗಟೆಯ ಕ್ವಿನೈನ್ 1820ರಲ್ಲಿ ಬೇರ್ಪಟ್ಟ ಮೇಲೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಮಲೇರಿಯಾದ ಮುಖ್ಯ ಔಷಧವಾಗಿತ್ತು.

ಇನ್ನು ಮನೆಬಳಕೆ. ಓಮದ ಎಣ್ಣೆಯಲ್ಲಿರುವ ಥೈಮಾಲ್ ಬಾಯಿ ಮುಕ್ಕಳಿಸುವ ಔಷಧಗಳಲ್ಲಿ ಇಂದಿಗೂ ಇದೆ, ಏಕೆಂದರೆ ಅಲ್ಲಿ ಅಣು ರಕ್ತಕ್ಕೆ ಸೇರಬೇಕಿಲ್ಲ. ಬೇಕಾದ ಸಾಂದ್ರತೆಯಲ್ಲಿ ರೋಗಾಣುವನ್ನು ನೇರವಾಗಿ ಮುಟ್ಟಿದರೆ ಸಾಕು. ಟೈಫಾಯ್ಡ್, ನ್ಯುಮೋನಿಯಾ, ಮೂತ್ರನಾಳದ ಸೋಂಕುಗಳ ಸ್ಥಿತಿ ಹಾಗಲ್ಲ. ಅಲ್ಲಿ ವೈದ್ಯರು ಬರೆದುಕೊಟ್ಟ ಪ್ರತಿಜೀವಕದ ಬದಲಿಗೆ ಕಷಾಯವನ್ನು ಇಡಲು ತಟ್ಟೆಯ ಮೇಲಿನ ಉಂಗುರ ಆಧಾರವಾಗುವುದಿಲ್ಲ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವವರು ಅದನ್ನು ವೈದ್ಯರಿಗೆ ತಿಳಿಸಬೇಕು. ಬರ್ಬರೀನ್‌ನಂಥ ಅಣುಗಳು ಔಷಧಗಳನ್ನು ವಿಘಟಿಸುವ ಯಕೃತ್ತಿನ ಕಿಣ್ವಗಳನ್ನು ತಡೆದು, ನುಂಗಿದ ಮಾತ್ರೆಯ ಪ್ರಮಾಣ ರಕ್ತದಲ್ಲಿ ಏರುವಂತೆ ಮಾಡಬಲ್ಲವು.