ಗ್ಯಾಲರಿಯಲ್ಲಿ ಕಾಣುತ್ತೆ, ಒತ್ತಿದ್ರೆ ಅರ್ಧ ಬೂದು: ಕೆಟ್ಟ ಫೋಟೊಗಳನ್ನು ಕ್ಲೌಡ್‌ನಿಂದ ತರುವುದು ಹೇಗೆ?

ಪ್ರಶ್ನೆ: ಮೆಮೊರಿ ಕಾರ್ಡ್ ಕೆಟ್ಟಿದೆ. ಗ್ಯಾಲರಿಯಲ್ಲಿ ಫೋಟೊಗಳು ಸಣ್ಣದಾಗಿ ಚೆನ್ನಾಗೇ ಕಾಣುತ್ತವೆ. ಒತ್ತಿದರೆ ಅರ್ಧ ಬರುತ್ತದೆ, ಕೆಳಗೆ ಬರೀ ಬೂದು ಬಣ್ಣ. ಆಲಮಟ್ಟಿ ಹಿನ್ನೀರಿನ ಮುಳುಗಡೆಗೆ ಮುಂಚಿನ ನಮ್ಮ ಹಳೇ ಬಾಗಲಕೋಟೆ ಮನೆಯ ಫೋಟೊಗಳೂ ಅದರಲ್ಲೇ ಇವೆ. ಗೂಗಲ್ ಫೋಟೋಸ್ ಬ್ಯಾಕಪ್ ಆನ್ ಇತ್ತು. ವಾಪಸ್ ಬರುತ್ತವಾ? ಇಲ್ಲಾ ರಿಪೇರಿ ಸಾಫ್ಟ್‌ವೇರ್ ಹಾಕಿಸಲಾ? (ನವನಗರದ ಓದುಗರು)

ಉತ್ತರ: ಬ್ಯಾಕಪ್ ನಿಜಕ್ಕೂ ಆಗಿದ್ದರೆ ಬರುತ್ತವೆ. ಗೂಗಲ್ ಫೋಟೋಸ್‌ಗೆ ಒಮ್ಮೆ ಸರಿಯಾಗಿ ಹತ್ತಿದ ಫೋಟೊ, ಆಮೇಲೆ ನಿಮ್ಮ ಕಾರ್ಡ್ ಕೆಟ್ಟಿತು ಅಂತ ಅಲ್ಲಿ ಕೆಡುವುದಿಲ್ಲ. ಮೊದಲು ಕಾರ್ಡ್ ತೆಗೆದು ಪಕ್ಕಕ್ಕಿಡಿ. ಫೋನ್ "ಫಾರ್ಮ್ಯಾಟ್ ಮಾಡಲಾ?" ಅಂತ ಕೇಳುತ್ತದೆ, ಬೇಡ ಅನ್ನಿ.

ಈಗ ಆ ರಿಪೇರಿ ಸಾಫ್ಟ್‌ವೇರ್ ವಿಷಯ. ಇಳಕಲ್‌ನಿಂದ ಬರಲಿ, ಜಮಖಂಡಿಯಿಂದ ಬರಲಿ, ಈ ಪ್ರಶ್ನೆಯ ಬಾಲಕ್ಕೆ ಒಂದು ನಂಬಿಕೆ ಅಂಟಿಕೊಂಡೇ ಬರುತ್ತದೆ: "ಗ್ಯಾಲರಿಯಲ್ಲಿ ಸಣ್ಣದಾಗಿ ಕಾಣ್ತಿದೆ ಅಂದ್ರೆ ಫೋಟೊ ಒಳಗೆ ಇದೆ, ಹೊರಗೆ ತೆಗೀಬೇಕಷ್ಟೆ." ಎಷ್ಟು ಸಲ ಹೇಳಿದರೂ ಇದು ಸಾಯುತ್ತಿಲ್ಲ. ಇವತ್ತು ಪೂರ್ತಿ ಬಿಡಿಸಿ ಹೇಳಿಬಿಡುತ್ತೇನೆ.

ಆ ಸಣ್ಣ ಚಿತ್ರ ಬೇರೆ, ನಿಮ್ಮ ಫೋಟೊ ಬೇರೆ. ಕ್ಯಾಮೆರಾ ಜೆಪೆಗ್ ಫೈಲ್ (ಫೋಟೊ ಉಳಿಸುವ ಸಾಮಾನ್ಯ ವಿಧ) ಬರೆಯುವಾಗಲೇ, ತಾರೀಖು, ಕ್ಯಾಮೆರಾ ಹೆಸರು ಇರುವ ಜಾಗದಲ್ಲಿ, ಅಂದರೆ ಫೈಲಿನ ತಲೆಯಲ್ಲೇ, ಒಂದು ಪುಟ್ಟ ಚಿತ್ರವನ್ನೂ ಸೇರಿಸುತ್ತದೆ. ಸಾಮಾನ್ಯವಾಗಿ 160 ಅಡ್ಡ, 120 ಉದ್ದ. ಲೆಕ್ಕ ಹಾಕಿ: 19,200 ಚುಕ್ಕಿ. ನಿಮ್ಮ 12 ಮೆಗಾಪಿಕ್ಸೆಲ್ ಫೋಟೊದಲ್ಲಿ 1 ಕೋಟಿ 20 ಲಕ್ಷ ಚುಕ್ಕಿ. 625 ಪಟ್ಟು ಜಾಸ್ತಿ! ಆ ಪುಟ್ಟ ಚಿತ್ರ ಫೈಲಿನ ಮೊದಲ 64 ಕೆಬಿ ಒಳಗೇ ಮುಗಿದುಹೋಗುತ್ತದೆ. ಹಾಗಾಗಿ ಕೆಳಗಿನ ನಾಲ್ಕೈದು ಎಂಬಿ ಹಾಳಾದರೂ ಅದು ಉಳಿದುಕೊಂಡಿರುತ್ತದೆ. ಕೆಲವೊಮ್ಮೆ ಫೈಲಿನಲ್ಲೂ ಇರುವುದಿಲ್ಲ. ಗ್ಯಾಲರಿ ಆಪ್ ಎಂದೋ ಮಾಡಿಟ್ಟುಕೊಂಡ ತನ್ನದೇ ಸಣ್ಣ ನಕಲನ್ನು ತೋರಿಸುತ್ತಿರುತ್ತದೆ. ಮೂಲ ಫೈಲ್ ಸೊನ್ನೆ ಆಗಿದ್ದರೂ ಅದು ನಗುತ್ತಾ ಕೂತಿರುತ್ತದೆ.

ಹಾಗಾದರೆ ಅರ್ಧ ಬಂದು ಅರ್ಧ ಬೂದು ಯಾಕೆ? ಜೆಪೆಗ್ ಫೋಟೊವನ್ನು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಚೌಕಗಳಾಗಿ ಮಾಡಿ, ಮೇಲಿನಿಂದ ಕೆಳಕ್ಕೆ ಸಾಲಾಗಿ ಬರೆಯುತ್ತದೆ. ಪ್ರತಿ ಚೌಕದ ಬೆಳಕು ಎಷ್ಟು ಅಂತ ನೇರವಾಗಿ ಬರೆಯುವುದಿಲ್ಲ. ಹಿಂದಿನ ಚೌಕಕ್ಕಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಅನ್ನುವುದನ್ನು ಮಾತ್ರ ಬರೆಯುತ್ತದೆ. ಅಡತ ಅಂಗಡಿಯ ಖಾತೆ ಪುಸ್ತಕದಲ್ಲಿ ಒಂದು ಸಾಲಿನ ಬಾಕಿ ತಪ್ಪಿದರೆ ಅದರ ಕೆಳಗಿನ ಎಲ್ಲ ಬಾಕಿಯೂ ತಪ್ಪುತ್ತದಲ್ಲ, ಹಾಗೆ. ಅದಕ್ಕೇ ಕೆಟ್ಟ ಜಾಗದಿಂದ ಮುಂದೆ ಮುಖ ಪಕ್ಕಕ್ಕೆ ಸರಿದಿರುತ್ತದೆ, ಸೀರೆ ನೇರಳೆ ಆಗಿರುತ್ತದೆ. ಮುಂದೆ ಓದಲು ಏನೂ ಇಲ್ಲದಿದ್ದರೆ ಉಳಿದ ಜಾಗಕ್ಕೆ ಬೂದು ತುಂಬಿರುತ್ತದೆ. ಆ ಬೂದಿನ ಹಿಂದೆ ಚಿತ್ರ ಅಡಗಿ ಕೂತಿಲ್ಲ.

"ರಿಕವರಿ ಆಪ್ ಹಾಕಿದೆ, ಸಾವಿರಾರು ಫೋಟೊ ಬಂದವು" ಅನ್ನುವವರಿದ್ದಾರೆ. ಬಂದದ್ದನ್ನು ದೊಡ್ಡದು ಮಾಡಿ ನೋಡಿ. ಹೆಚ್ಚಿನವು ಅದೇ ಸಣ್ಣ ನಕಲುಗಳು. ಇನ್ನು ಎಐ ಹಾಕಿ ಸರಿ ಮಾಡಿಸುವವರು. ಅದು ಇಲ್ಲದ ಅರ್ಧವನ್ನು ಊಹಿಸಿ ಬರೆಯುತ್ತದೆ. ಚೆನ್ನಾಗೇ ಬರೆಯುತ್ತದೆ, ಆದರೆ ಅದು ನಿಮ್ಮ ಅಜ್ಜಿಯ ಮುಖ ಅಲ್ಲ. ದುಡ್ಡು ಕೊಟ್ಟು ಬೇರೆ ಅಜ್ಜಿಯನ್ನು ಯಾಕೆ ತರುತ್ತೀರಿ?

ಒಂದು ವಿನಾಯಿತಿ ಇದೆ. ಕಾರ್ಡ್‌ನಿಂದ ಫೋಟೊ ಡಿಲೀಟ್ ಆಗಿ, ಅದರ ಜಾಗದಲ್ಲಿ ಬೇರೇನೂ ಬರೆದಿಲ್ಲ ಅಂದರೆ ಫೋಟೊರೆಕ್ ಅನ್ನುವ ಉಚಿತ ಸಾಫ್ಟ್‌ವೇರ್ ನಿಜವಾಗಿಯೂ ಹುಡುಕಿ ಕೊಡುತ್ತದೆ. ಕಂಪ್ಯೂಟರಿನಲ್ಲಿ ಹಾಕಿ. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಉಳಿಸಬೇಡಿ.

ಈಗ ಕ್ಲೌಡ್. ಫೋನಿನ ಆಪ್‌ನಲ್ಲಿ ನೋಡಿ ಅಳಬೇಡಿ, ಅದು ನಿಮ್ಮ ಫೋನಿನ ಕೆಟ್ಟ ಪ್ರತಿಯನ್ನೇ ತೋರಿಸುತ್ತಿರಬಹುದು. ಕಂಪ್ಯೂಟರಿನ ಬ್ರೌಸರಿನಲ್ಲಿ ಅದೇ ಜಿಮೇಲ್‌ನಿಂದ ಗೂಗಲ್ ಫೋಟೋಸ್ ತೆರೆದು, ಒಂದೊಂದನ್ನು ದೊಡ್ಡದು ಮಾಡಿ ನೋಡಿ. ಸರಿ ಇವೆಯಾ? ಖುಷಿ ಪಡಿ, ಆದರೆ ಖುಷಿಯಲ್ಲಿ "ಕೆಟ್ಟವನ್ನು ಅಳಿಸ್ತೀನಿ" ಅಂತ ಫೋನಿನ ಗೂಗಲ್ ಫೋಟೋಸ್ ಆಪ್‌ನಲ್ಲಿ ಡಿಲೀಟ್ ಒತ್ತಬೇಡಿ. ಅಲ್ಲಿ ಅಳಿಸಿದರೆ ಕ್ಲೌಡ್‌ನ ಒಳ್ಳೆಯ ಪ್ರತಿಯೂ ಕಸದಬುಟ್ಟಿಗೆ ಹೋಗುತ್ತದೆ. ಈಗಾಗಲೇ ಒತ್ತಿದ್ದರೆ, ಬ್ಯಾಕಪ್ ಆಗಿದ್ದ ಫೋಟೊ 60 ದಿನ ಬುಟ್ಟಿಯಲ್ಲಿರುತ್ತದೆ. ಇವತ್ತೇ ಎತ್ತಿಕೊಳ್ಳಿ.

ಸ್ವಲ್ಪ ಫೋಟೊ ಆದರೆ ಆಯ್ದು ಡೌನ್‌ಲೋಡ್ ಮಾಡಿ. ಎಲ್ಲವೂ ಬೇಕೆಂದರೆ ಗೂಗಲ್ ಟೇಕ್‌ಔಟ್, ಅಂದರೆ ನಿಮ್ಮ ಖಾತೆಯಲ್ಲಿರುವುದನ್ನು ಒಟ್ಟಿಗೆ ಇಳಿಸಿಕೊಳ್ಳಲು ಗೂಗಲ್ ಕೊಡುವ ಸೇವೆ. ಅದರಲ್ಲಿ ಫೋಟೋಸ್ ಒಂದನ್ನೇ ಆರಿಸಿ. ಜಿಪ್ ಫೈಲುಗಳ ಲಿಂಕ್ ಮೇಲ್‌ಗೆ ಬರುತ್ತದೆ, ಸುಮಾರು ಒಂದು ವಾರ ಮಾತ್ರ ಇರುತ್ತದೆ. ಫೋಟೊ ಜೊತೆ ಜೇಸನ್ ಅನ್ನುವ ಪುಟ್ಟ ಫೈಲುಗಳೂ ಬರುತ್ತವೆ. ಕಸ ಅಂದುಕೊಂಡು ಎಸೆಯಬೇಡಿ, ಯಾಕೆಂದು ಕೆಳಗೆ ಹೇಳುತ್ತೇನೆ.

ಅಲ್ಲಿ ಏನೂ ಇಲ್ಲವಾ? ಹಾಗಾದರೆ ಕಾರಣ ಸಾಮಾನ್ಯವಾಗಿ ಎರಡು. ಆಂಡ್ರಾಯ್ಡ್‌ನಲ್ಲಿ ಕ್ಯಾಮೆರಾ ಫೋಲ್ಡರ್ ಮಾತ್ರ ತಾನಾಗಿ ಬ್ಯಾಕಪ್ ಆಗುತ್ತದೆ. ವಾಟ್ಸಾಪ್, ಸ್ಕ್ಯಾನ್ ಮುಂತಾದ ಫೋಲ್ಡರುಗಳನ್ನು ನೀವೇ ಆನ್ ಮಾಡಬೇಕು. ಇಲ್ಲವೇ 15 ಜಿಬಿ ತುಂಬಿ ಬ್ಯಾಕಪ್ ನಿಂತಿದೆ. ಆ 15ರಲ್ಲಿ ಜಿಮೇಲ್, ಡ್ರೈವ್ ಎಲ್ಲವೂ ಸೇರಿವೆ. 2021ರ ಜೂನ್ 1ರ ನಂತರ "ಹೈ ಕ್ವಾಲಿಟಿ ಫ್ರೀ" ಅನ್ನುವುದು ಇಲ್ಲ, ಅದನ್ನೂ ಮರೆತವರು ಬಹಳ.

ಇನ್ನೊಂದು ಮಾತು. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಳೇ ಬಾಗಲಕೋಟೆಯ ಆ ಮನೆ ಫೋಟೊ ಪ್ರಿಂಟಿನಿಂದ ಫೋನಿನಲ್ಲಿ ತೆಗೆದದ್ದು ತಾನೆ? ಅದರ ಮಾಹಿತಿ ತೆರೆದು ನೋಡಿ. ತಾರೀಖು ನೀವು ಫೋನಿನಲ್ಲಿ ತೆಗೆದ ದಿನದ್ದು. ಲೊಕೇಶನ್ ಆನ್ ಇದ್ದರೆ ಜಾಗ ಮುಳುಗಡೆಯವರಿಗಾಗಿ ಕಟ್ಟಿದ ನವನಗರ! ಆಲಮಟ್ಟಿ ಹಿನ್ನೀರಿಗೆ ಹೋದ ಓಣಿ, ಫೋನಿನ ಲೆಕ್ಕದಲ್ಲಿ ನವನಗರದ ಸೆಕ್ಟರ್‌ನಲ್ಲಿದೆ. ನಾಳೆ ಮೊಮ್ಮಕ್ಕಳು ಅದನ್ನೇ ನಂಬುತ್ತಾರೆ. ಗೂಗಲ್ ಫೋಟೋಸ್‌ನಲ್ಲಿ ತಾರೀಖು ತಿದ್ದಬಹುದು, ವಿವರಣೆಯಲ್ಲಿ ಓಣಿಯ ಹೆಸರು, ಕಟ್ಟೆ ಮೇಲೆ ಕೂತವರ ಹೆಸರು ಬರೆಯಬಹುದು. ಆದರೆ ನೀವು ಬರೆದ ವಿವರಣೆ ಫೋಟೊ ಫೈಲಿನೊಳಗೆ ಸೇರುವುದಿಲ್ಲ, ಟೇಕ್‌ಔಟ್‌ನ ಆ ಜೇಸನ್ ಫೈಲಿನಲ್ಲಿ ಬರುತ್ತದೆ. ಎಕ್ಸಿಫ್‌ಟೂಲ್ (ಫೋಟೊ ಫೈಲಿನೊಳಗಿನ ಮಾಹಿತಿ ತಿದ್ದುವ ಸಾಫ್ಟ್‌ವೇರ್) ಬಲ್ಲವರು ಅದನ್ನು ಫೋಟೊಗೆ ಮರಳಿ ಸೇರಿಸಿಕೊಡುತ್ತಾರೆ.

ಅಂದಹಾಗೆ ಆ ಪ್ರಿಂಟು ಮನೆಯ ಟ್ರಂಕಿನಲ್ಲಿ ಇನ್ನೂ ಇದೆಯಾ? ಇದ್ದರೆ ಈ ಕಾರ್ಡಿನ ಗೋಳು ಅರ್ಧ ಮುಗಿಯಿತು. ಸ್ಕ್ಯಾನರಿನಲ್ಲಿ 600 ಡಿಪಿಐ (ಇಂಚಿಗೆ 600 ಚುಕ್ಕಿ) ಇಟ್ಟು ಹೊಸದಾಗಿ ಸ್ಕ್ಯಾನ್ ಮಾಡಿಸಿ. ನಾಲ್ಕು ಇಂಚು ಆರು ಇಂಚಿನ ಪ್ರಿಂಟಿಗೆ 86 ಲಕ್ಷ ಚುಕ್ಕಿ ಸಿಗುತ್ತವೆ, ಟ್ಯೂಬ್‌ಲೈಟಿನ ಹೊಳಪು ಬಿದ್ದ ಫೋನ್ ಪ್ರತಿಗಿಂತ ಎಷ್ಟೋ ವಾಸಿ. ಒಂದು ಪ್ರತಿ ಕ್ಲೌಡ್‌ಗೆ, ಒಂದು ಹಾರ್ಡ್‌ಡಿಸ್ಕ್‌ಗೆ. ಹಳೇ ಕಾರ್ಡಿಗೆ ಮಾತ್ರ ಬೇಡ.