ಅಸಮಮಿತ ಸಂಶ್ಲೇಷಣೆ: ಎಡ–ಬಲಗಳಲ್ಲಿ ಬೇಕಾದ ಒಂದನ್ನೇ ಕಟ್ಟುವ ವಿದ್ಯೆ

ಔಷಧೀಯ ಸಸ್ಯಗಳ ಸಂಯುಕ್ತಗಳನ್ನು ಕುರಿತ ಸಂಶೋಧನಾ ಬರಹಗಳಲ್ಲಿ ‘ಅಸಮಮಿತ ಸಂಶ್ಲೇಷಣೆ’ ಎಂಬ ಜೋಡಿಪದ ಮತ್ತೆ ಮತ್ತೆ ಎದುರಾಗುತ್ತದೆ. ಸಂಶ್ಲೇಷಣೆ ಎಂದರೆ ಸರಳವಾದ ಅಣುಗಳನ್ನು ಹಂತ ಹಂತವಾಗಿ ಬೆಸೆದು ಬೇಕಾದ ಅಣುವನ್ನು ಕಟ್ಟುವುದು, ಇದರಲ್ಲಿ ಗೊಂದಲವಿಲ್ಲ. ಗೊಂದಲ ಹುಟ್ಟುವುದು ‘ಅಸಮಮಿತ’ ಎಂಬ ವಿಶೇಷಣದಿಂದ. ಮೊದಲ ಬಾರಿಗೆ ಓದುವವರಿಗೆ ಇದು ಸೊಟ್ಟಪಟ್ಟ ಆಕಾರದ ಅಣುಗಳ ತಯಾರಿಕೆ ಎನಿಸುವುದು ಸಹಜ. ಆದರೆ ಇಲ್ಲಿನ ಅಸಮತೆ ಮುಖ್ಯವಾಗಿ ಪ್ರಮಾಣಕ್ಕೆ ಸಂಬಂಧಿಸಿದ್ದು. ಒಂದು ರಾಸಾಯನಿಕ ಕ್ರಿಯೆಯಲ್ಲಿ ಎಡ–ಬಲ ಭೇದವುಳ್ಳ ಅಣು ಹೊಸದಾಗಿ ಹುಟ್ಟುವಾಗ, ಅದರ ಎರಡು ರೂಪಗಳು ಸಮಸಮನಾಗಿ ಬಾರದೆ ಒಂದು ಹೆಚ್ಚಾಗಿ ಇನ್ನೊಂದು ಕಡಿಮೆಯಾಗಿ ಬರುವಂತೆ ಮಾಡಿದರೆ, ಅದು ಅಸಮಮಿತ ಸಂಶ್ಲೇಷಣೆ. ಬೇಕಾದ ರೂಪವೊಂದೇ ಬಂದು ಬೇಡವಾದದ್ದು ಹುಟ್ಟದೇ ಇರುವುದು ಅದರ ಆದರ್ಶ ಸ್ಥಿತಿ.

ಅಣುವಿಗೆ ಎಡ–ಬಲ ಎಲ್ಲಿಂದ ಬಂತು? ಇಂಗಾಲದ ಪರಮಾಣು ತನ್ನ ನಾಲ್ಕು ಬಂಧಗಳನ್ನು ಒಂದೇ ಸಮತಲದಲ್ಲಿ ಚಾಚದೆ ಚತುರ್ಮುಖಿಯ ನಾಲ್ಕು ಮೂಲೆಗಳತ್ತ ಚಾಚುತ್ತದೆ ಎಂದು 1874ರಲ್ಲಿ ವಾಂಟ್ ಹಾಫ್ ಮತ್ತು ಲೆ ಬೆಲ್ ಪ್ರತ್ಯೇಕವಾಗಿ ಸೂಚಿಸಿದರು. ಆ ನಾಲ್ಕು ಮೂಲೆಗಳಲ್ಲಿ ನಾಲ್ಕು ಬೇರೆ ಬೇರೆ ಗುಂಪುಗಳು ಕೂತಾಗ, ಜೋಡಣೆ ಎರಡು ಬಗೆಯಲ್ಲಿ ಸಾಧ್ಯ. ಒಂದು ಇನ್ನೊಂದರ ಕನ್ನಡಿ ಬಿಂಬ. ಹೇಗೆ ತಿರುಗಿಸಿದರೂ ಒಂದರ ಮೇಲೆ ಇನ್ನೊಂದು ಕೂರುವುದಿಲ್ಲ, ಎಡಗಾಲಿನ ಮೆಟ್ಟು ಬಲಗಾಲಿಗೆ ಹೊಂದದಂತೆ. ಈ ಗುಣಕ್ಕೆ ಲಾರ್ಡ್ ಕೆಲ್ವಿನ್ ‘ಕೈರಾಲಿಟಿ’ ಎಂಬ ಹೆಸರು ಕೊಟ್ಟರು. ಗ್ರೀಕ್ ಭಾಷೆಯಲ್ಲಿ ಕೈಯನ್ನು ಸೂಚಿಸುವ ಪದವೇ ಅದರ ಮೂಲ. ಕನ್ನಡದ ‘ಕೈ’ಗೂ ಆ ಗ್ರೀಕ್ ಪದಕ್ಕೂ ಯಾವ ನಂಟೂ ಇಲ್ಲ, ಹೋಲಿಕೆ ಕೇವಲ ಆಕಸ್ಮಿಕ, ಆದರೂ ‘ಕೈರಲ್’ ಎಂಬ ಪದವನ್ನು ಕೇಳಿದೊಡನೆ ಕೈ ನೆನಪಾಗುವ ಅನುಕೂಲ ಕನ್ನಡದ ವಿದ್ಯಾರ್ಥಿಗೆ ತಾನಾಗಿ ಒದಗಿದೆ. ಕನ್ನಡಿ ಬಿಂಬದಂತಿರುವ ಈ ಜೋಡಿಯನ್ನು ‘ಎನಾಂಟಿಯೋಮರ್’ಗಳು ಎಂದೂ, ಎರಡೂ ಸಮಪಾಲಿರುವ ಮಿಶ್ರಣವನ್ನು ‘ರೇಸಿಮಿಕ್ ಮಿಶ್ರಣ’ ಎಂದೂ ಕರೆಯುತ್ತಾರೆ.

ಈ ಭೇದವನ್ನು ಕಣ್ಣಿಗೆ ಕಾಣುವಂತೆ ಮೊದಲು ಬೇರ್ಪಡಿಸಿದವರು ಲೂಯಿ ಪಾಶ್ಚರ್, 1848ರಲ್ಲಿ. ದ್ರಾಕ್ಷಾರಸ ಹುಳಿಯುವಾಗ ಸಿಗುವ ಟಾರ್ಟಾರಿಕ್ ಆಮ್ಲಕ್ಕೆ ಧ್ರುವೀಕೃತ ಬೆಳಕನ್ನು, ಅಂದರೆ ಒಂದೇ ಸಮತಲದಲ್ಲಿ ಕಂಪಿಸುವ ಬೆಳಕನ್ನು, ತಿರುಗಿಸುವ ಶಕ್ತಿಯಿತ್ತು. ಅದೇ ಸಂಯೋಜನೆಯ ರೇಸಿಮಿಕ್ ಆಮ್ಲಕ್ಕೆ ಇರಲಿಲ್ಲ. ರೇಸಿಮಿಕ್ ಆಮ್ಲದ ಸೋಡಿಯಂ ಅಮೋನಿಯಂ ಲವಣವನ್ನು ಹರಳುಗಟ್ಟಿಸಿ ನೋಡಿದಾಗ, ಕೆಲವು ಹರಳುಗಳ ಒಂದು ಪುಟ್ಟ ಮುಖ ಬಲಕ್ಕೆ ವಾಲಿದ್ದರೆ ಉಳಿದವುಗಳಲ್ಲಿ ಅದೇ ಮುಖ ಎಡಕ್ಕೆ ವಾಲಿತ್ತು. ಪಾಶ್ಚರ್ ಅವನ್ನು ಒಂದೊಂದಾಗಿ ಕೈಯಿಂದಲೇ ಆರಿಸಿ ಎರಡು ರಾಶಿ ಮಾಡಿದರು, ಕಾಳಿನಿಂದ ಕಲ್ಲು ಆರಿಸುವಷ್ಟೇ ತಾಳ್ಮೆಯಿಂದ. ಬೇರೆ ಬೇರೆ ನೀರಿನಲ್ಲಿ ಕರಗಿಸಿದಾಗ ಒಂದು ದ್ರಾವಣ ಬೆಳಕನ್ನು ಬಲಕ್ಕೆ ತಿರುಗಿಸಿತು, ಇನ್ನೊಂದು ಅಷ್ಟೇ ಪ್ರಮಾಣದಲ್ಲಿ ಎಡಕ್ಕೆ. ಹೀಗೆ ಕೈಯಿಂದ ಆರಿಸಲು ಬರುವ ಹರಳುಗಳು ಸಿಗುವುದು ತೀರ ವಿರಳ. ಹೆಚ್ಚಿನ ರೇಸಿಮಿಕ್ ಮಿಶ್ರಣಗಳಲ್ಲಿ ಎಡ–ಬಲಗಳು ಒಂದೇ ಹರಳಿನೊಳಗೆ ಒಟ್ಟಾಗಿ ಕೂರುತ್ತವೆ.

ಸಸ್ಯಗಳಿಗೆ ಈ ಆರಿಸುವ ಕಷ್ಟ ಸಾಮಾನ್ಯವಾಗಿ ಇಲ್ಲ. ಅವುಗಳ ಕಿಣ್ವಗಳೇ ಕೈರಲ್ ಆಗಿರುವುದರಿಂದ ಅಲ್ಲಿ ಕಟ್ಟಲ್ಪಡುವ ಅಣುವೂ ಬಹುಪಾಲು ಒಂದೇ ಕೈಯದಾಗಿರುತ್ತದೆ. ನಮ್ಮ ದೇಹದ ಪ್ರೋಟೀನುಗಳೂ ಕೈರಲ್ ಆಗಿರುವುದರಿಂದ, ಎರಡು ಎನಾಂಟಿಯೋಮರ್‌ಗಳನ್ನು ಅವು ಎರಡು ಬೇರೆ ಪದಾರ್ಥಗಳಂತೆ ಕಾಣುತ್ತವೆ. ಕಾರ್ವೋನ್ ಎಂಬ ಸುಗಂಧ ಸಂಯುಕ್ತದ ಒಂದು ರೂಪ ಸ್ಪಿಯರ್‌ಮಿಂಟ್ ಪುದೀನದಲ್ಲಿದೆ, ಅದರ ಕನ್ನಡಿ ಬಿಂಬ ಕ್ಯಾರವೇ ಬೀಜದಲ್ಲಿದೆ. ಎರಡು ಶೀಸೆಗಳ ಮೇಲೂ ಅಣುಸೂತ್ರ ಒಂದೇ, ಕುದಿಬಿಂದು ಒಂದೇ. ಮೂಗಿನ ಬಳಿ ತಂದರೆ ಮಾತ್ರ ಒಂದು ಪುದೀನ, ಇನ್ನೊಂದು ಖಾರವಾದ ಮಸಾಲೆ ಬೀಜ. ಈ ಭೇದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಈ ವಿಷಯ ಬಂದಾಗಲೆಲ್ಲ, ಗರ್ಭಿಣಿಯರು ತೆಗೆದುಕೊಂಡ ಔಷಧದಿಂದ ಶಿಶುಗಳು ಅಂಗವೈಕಲ್ಯದೊಂದಿಗೆ ಹುಟ್ಟಿದ ಥಾಲಿಡೊಮೈಡ್ ದುರಂತವನ್ನು ಉದಾಹರಿಸುವುದು ರೂಢಿ: ಒಂದು ರೂಪ ಔಷಧ, ಇನ್ನೊಂದು ವಿಷ, ಬೇರ್ಪಡಿಸಿದ್ದರೆ ಶಿಶುಗಳು ಉಳಿಯುತ್ತಿದ್ದವು ಎಂದು. ಇದು ಅರ್ಧ ಸತ್ಯ. ಥಾಲಿಡೊಮೈಡ್‌ನ ಒಂದು ರೂಪವನ್ನು ಶುದ್ಧವಾಗಿ ಕೊಟ್ಟರೂ ದೇಹದೊಳಗೆ ಅದು ಕೆಲವೇ ಗಂಟೆಗಳಲ್ಲಿ ಇನ್ನೊಂದಾಗಿ ಮಾರ್ಪಡುತ್ತಾ ಹೋಗುತ್ತದೆ. ಆದ್ದರಿಂದ ಒಂದೇ ಕೈಯ ಅಣುವನ್ನು ಕಟ್ಟಿದರಷ್ಟೇ ಸಾಲದು, ಅದು ಹಾಗೆಯೇ ಉಳಿಯುವಂಥದ್ದೇ ಎಂಬುದನ್ನೂ ನೋಡಬೇಕು. ಎಚ್ಚರಿಕೆಯ ಮಾತಿಗೆ ಬಳಸುವ ಉದಾಹರಣೆ ಸರಿಯಾಗಿರಲೇಬೇಕು ಎಂಬ ಕಾರಣಕ್ಕೆ ಇದನ್ನು ಇಲ್ಲಿ ಹೇಳಿದೆ.

ಪ್ರಯೋಗಾಲಯದ ಸಾಮಾನ್ಯ ಕ್ರಿಯೆಯಲ್ಲಿ ಎಡ–ಬಲಗಳು ಸಮಪಾಲಾಗಿ ಬರುವುದಕ್ಕೆ ಕಾರಣ ಸರಳ. ಚಪ್ಪಟೆಯಾದ ಅಣುವೊಂದರ ಮೇಲೆ ಹೈಡ್ರೋಜನ್ ಮೇಲಿನಿಂದ ಬಂದು ಕೂತರೆ ಒಂದು ರೂಪ, ಕೆಳಗಿನಿಂದ ಬಂದರೆ ಇನ್ನೊಂದು. ಎರಡೂ ದಾರಿಗಳಿಗೆ ತಗಲುವ ಶಕ್ತಿ ಒಂದೇ ಆದ್ದರಿಂದ ಯಾವುದಕ್ಕೂ ಹೆಚ್ಚುಗಾರಿಕೆಯಿಲ್ಲ. ಈ ಸಮತೆಯನ್ನು ಮುರಿಯಬೇಕಾದರೆ ಅಲ್ಲಿ ಮೊದಲೇ ಕೈರಲ್ ಆದ ಏನಾದರೊಂದು ಇರಬೇಕು. ಅದು ಕ್ರಿಯೆಗೆ ತೊಡಗುವ ಅಣುವಿನ ಭಾಗವೇ ಆಗಿರಬಹುದು, ತಾತ್ಕಾಲಿಕವಾಗಿ ಅಂಟಿಸಿ ಆಮೇಲೆ ಕಳಚುವ ಸಹಾಯಕ ಗುಂಪಾಗಿರಬಹುದು, ಅಥವಾ ಕ್ರಿಯಾವರ್ಧಕವಾಗಿರಬಹುದು. ಎರಡು ದಾರಿಗಳ ಶಕ್ತಿಯಲ್ಲಿ ಬೇಕಾಗುವ ವ್ಯತ್ಯಾಸ ಅಚ್ಚರಿ ಹುಟ್ಟಿಸುವಷ್ಟು ಸಣ್ಣದು: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೋಲ್‌ಗೆ ಸುಮಾರು 2.7 ಕಿಲೋಕ್ಯಾಲರಿ ಇದ್ದರೆ 99ಕ್ಕೆ 1ರಷ್ಟು ಆಯ್ಕೆ ದೊರೆಯುತ್ತದೆ. ಎರಡು ಇಂಗಾಲಗಳ ನಡುವಿನ ಒಂದು ಸಾಮಾನ್ಯ ಬಂಧವನ್ನು ಮುರಿಯಲು ಅದರ ಸುಮಾರು 30 ಪಟ್ಟು ಶಕ್ತಿ ಬೇಕು. ಅಣುವಿನ ಒಂದು ಮೂಲೆಯಲ್ಲಿ ಚಿಕ್ಕದೊಂದು ಇಕ್ಕಟ್ಟು ಉಂಟುಮಾಡಿದರೂ ಸಾಕಾಗಬಹುದು; ಯಾವ ಮೂಲೆಯಲ್ಲಿ ಎಂಬುದನ್ನು ಕಂಡುಹಿಡಿಯುವುದೇ ವರ್ಷಗಟ್ಟಲೆ ಹಿಡಿಯುವ ಕೆಲಸ.

ಆಯ್ಕೆಯ ಶುದ್ಧತೆಯನ್ನು ‘ಎನಾಂಟಿಯೋಮರಿಕ್ ಅಧಿಕ್ಯ’ ಎಂಬ ಅಳತೆಯಲ್ಲಿ ಹೇಳುತ್ತಾರೆ: ಎರಡು ರೂಪಗಳ ಶೇಕಡಾವಾರು ಪ್ರಮಾಣಗಳ ವ್ಯತ್ಯಾಸವೇ ಅದು. ಶೇ. 95 ಮತ್ತು ಶೇ. 5 ಬಂದರೆ ಅಧಿಕ್ಯ ಶೇ. 90, ಇದನ್ನು ಶೇ. 90ರಷ್ಟು ಒಂದೇ ರೂಪವಿದೆ ಎಂದು ಓದಿಕೊಳ್ಳಬಾರದು.

ಇಲ್ಲಿ ನಸುಗುನ್ನಿಯ ಪ್ರಸಂಗವನ್ನು ಹೇಳಲೇಬೇಕು. ಇದರ ಬೀಜಗಳಲ್ಲಿ ಎಲ್-ಡೋಪಾ ಎಂಬ ಅಮೈನೋ ಆಮ್ಲವಿದೆ. ಪಾರ್ಕಿನ್‌ಸನ್ ಕಾಯಿಲೆಗೆ ಕೊಡುವ ಔಷಧವೂ ಅದೇ, ಅದರ ಕನ್ನಡಿ ಬಿಂಬವಲ್ಲ. ವಿಲಿಯಂ ನೋಲ್ಸ್ 1968ರಲ್ಲಿ ರೋಡಿಯಂ ಲೋಹಕ್ಕೆ ಫಾಸ್ಫೀನ್ ಎಂಬ ರಂಜಕದ ಸಂಯುಕ್ತವನ್ನು ಕೈರಲ್ ರೂಪದಲ್ಲಿ ಜೋಡಿಸಿ ಮಾಡಿದ ಹೈಡ್ರೋಜನೀಕರಣದಲ್ಲಿ ದೊರೆತ ಅಧಿಕ್ಯ ಕೇವಲ ಶೇ. 15. ಯಾವುದಕ್ಕೂ ಬಾರದಂತೆ ತೋರುವ ಆ ಅಂಕಿ, ಈ ಮಾರ್ಗದಿಂದ ಸಮತೆಯನ್ನು ಮುರಿಯಬಹುದು ಎಂಬುದಕ್ಕೆ ಪುರಾವೆಯಾಗಿತ್ತು. ಫಾಸ್ಫೀನನ್ನು ತಿದ್ದುತ್ತಾ ಹೋಗಿ ಅವರ ತಂಡ ಶೇ. 95 ತಲುಪಿತು, 1970ರ ದಶಕದಲ್ಲೇ ಎಲ್-ಡೋಪಾ ಕಾರ್ಖಾನೆಯಲ್ಲಿ ಹೀಗೆ ತಯಾರಾಗತೊಡಗಿತು. ಇಂಥ ಕೈರಲ್ ಕ್ರಿಯಾವರ್ಧಕಗಳ ಕೆಲಸಕ್ಕಾಗಿ ನೋಲ್ಸ್, ನೊಯೊರಿ ಮತ್ತು ಶಾರ್ಪ್‌ಲೆಸ್ 2001ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು. ಲೋಹವಿಲ್ಲದೆ, ಪ್ರೋಲೀನ್‌ನಂಥ ಪುಟ್ಟ ಸಾವಯವ ಅಣುಗಳಿಂದಲೇ ಈ ಕೆಲಸ ಮಾಡಿಸಿದ್ದಕ್ಕಾಗಿ ಬೆಂಜಮಿನ್ ಲಿಸ್ಟ್ ಮತ್ತು ಡೇವಿಡ್ ಮ್ಯಾಕ್‌ಮಿಲನ್ ಅವರಿಗೆ 2021ರ ನೊಬೆಲ್ ಬಂತು.

ಸಸ್ಯದಲ್ಲೇ ಸಿಗುವಾಗ ಕಟ್ಟುವ ಶ್ರಮವೇಕೆ ಎಂದು ಕೇಳಬಹುದು. ಪೆಸಿಫಿಕ್ ಯೂ ಮರದ ತೊಗಟೆಯಿಂದ ಬಂದ ಕ್ಯಾನ್ಸರ್ ಔಷಧ ಟ್ಯಾಕ್ಸಾಲ್ ಇದಕ್ಕೆ ಉತ್ತರ: ತೊಗಟೆ ಸುಲಿದರೆ ಮರ ಸಾಯುತ್ತದೆ, ಸಿಗುವ ಔಷಧವೋ ಅತ್ಯಲ್ಪ. ಆ ಅಣುವಿನಲ್ಲಿ 11 ಕೈರಲ್ ಕೇಂದ್ರಗಳಿವೆ. ಲೆಕ್ಕದ ಪ್ರಕಾರ 2,048 ರೂಪಗಳು ಸಾಧ್ಯ, ಬೇಕಾದದ್ದು ಒಂದು. ಪೂರ್ಣ ಸಂಶ್ಲೇಷಣೆ 1994ರಲ್ಲಿ ಕೈಗೂಡಿತಾದರೂ, ಬಳಕೆಗೆ ಬಂದದ್ದು ಬೇರೆ ದಾರಿ. ಯುರೋಪಿನ ಯೂ ಮರದ ಎಲೆಗಳಿಂದ, ಮರಕ್ಕೆ ಹಾನಿಯಿಲ್ಲದೆ, ಅಣುವಿನ ದೊಡ್ಡ ಭಾಗವನ್ನು ಪಡೆದು, ಎರಡು ಕೈರಲ್ ಕೇಂದ್ರಗಳಿರುವ ಪಾರ್ಶ್ವ ಸರಪಳಿಯನ್ನು ಮಾತ್ರ ಪ್ರಯೋಗಾಲಯದಲ್ಲಿ ಕಟ್ಟಿ ಸೇರಿಸಲಾಯಿತು. ಸಸ್ಯ ಮಾಡಿದ್ದನ್ನು ಸಸ್ಯಕ್ಕೇ ಬಿಟ್ಟು ಉಳಿದದ್ದಕ್ಕೆ ಕೈಹಾಕುವ ಈ ವಿವೇಕ, ಪೂರ್ಣ ಸಂಶ್ಲೇಷಣೆಯ ಸಾಹಸಕ್ಕಿಂತ ದೊಡ್ಡದೆಂದು ನಾನು ಭಾವಿಸುತ್ತೇನೆ.

ಸಿಂಕೋನಾ ಮರದ ಕಥೆಯಲ್ಲಿ ಈ ಕೊಡುಕೊಳ್ಳುವಿಕೆ ಇನ್ನೂ ಗಾಢವಾಗಿದೆ. ಅದರ ತೊಗಟೆಯಿಂದ 1820ರಲ್ಲಿ ಪೆಲ್ತಿಯೆ ಮತ್ತು ಕಾವೆಂತು ಮಲೇರಿಯಾ ಔಷಧ ಕ್ವಿನೈನನ್ನು ಬೇರ್ಪಡಿಸಿದರು. ಅದೇ ತೊಗಟೆಯಲ್ಲಿರುವ ಕ್ವಿನಿಡಿನ್, ಎರಡು ಕೇಂದ್ರಗಳ ಜೋಡಣೆಯಲ್ಲಷ್ಟೇ ಕ್ವಿನೈನ್‌ಗಿಂತ ಭಿನ್ನ. ಅದು ಹೃದಯದ ಲಯ ತಪ್ಪಿದಾಗ ಕೊಡುವ ಔಷಧವಾಯಿತು. ಪೂರ್ತಿ ಕನ್ನಡಿ ಬಿಂಬಗಳಲ್ಲದಿದ್ದರೂ ಕೆಲಸದ ಜಾಗದಲ್ಲಿ ಇವೆರಡೂ ಎಡ–ಬಲ ಕೈಗಳಂತೆ ವರ್ತಿಸುತ್ತವೆ. ಶಾರ್ಪ್‌ಲೆಸ್ ಇವೆರಡರಿಂದ ತಯಾರಿಸಿದ ಸಂಯುಕ್ತಗಳನ್ನು ಆಸ್ಮಿಯಂನೊಂದಿಗೆ ಬಳಸಿ, ಇಂಗಾಲದ ಜೋಡಿಬಂಧದ ಒಂದು ಮಗ್ಗುಲಿಗೇ ಎರಡು ಹೈಡ್ರಾಕ್ಸಿಲ್ ಗುಂಪುಗಳನ್ನು ಕೂರಿಸುವ ವಿಧಾನ ರೂಪಿಸಿದರು. ಈಗ ಅದು ‘ಎಡಿ-ಮಿಕ್ಸ್’ ಎಂಬ ಸಿದ್ಧ ಪುಡಿಯಾಗಿ ಸಿಗುತ್ತದೆ. ಆ ಜೋಡಿಬಂಧವುಳ್ಳ ಸಂಯುಕ್ತ, ಅಂದರೆ ಆಲ್ಕೀನ್, ಒಂದು ಮಿಲಿಮೋಲ್ ಇದ್ದರೆ ಅದಕ್ಕೆ 1.4 ಗ್ರಾಂ ಪುಡಿ ತೂಗಿ, ನೀರು ಮತ್ತು ಟರ್ಟ್-ಬ್ಯೂಟನಾಲ್ ಸಮಪಾಲಿನ ಮಿಶ್ರಣಕ್ಕೆ ಹಾಕಿ, ಮಂಜುಗಡ್ಡೆಯಲ್ಲಿಟ್ಟು ಕಲಕುತ್ತಾ ಬಿಡುವುದು ವಾಡಿಕೆ. ಡಬ್ಬಿಗಳು ಎರಡು: ಆಲ್ಫಾ ಎಂದು ಬರೆದದ್ದರಲ್ಲಿ ಕ್ವಿನೈನ್ ಕಡೆಯದು, ಬೀಟಾ ಎಂದು ಬರೆದದ್ದರಲ್ಲಿ ಕ್ವಿನಿಡಿನ್ ಕಡೆಯದು. ಬೇರೊಂದು ಗಿಡದ ಅಣುವನ್ನು ಕಟ್ಟಲು ಹೊರಟವರು, ಅದರ ಕೈ ಯಾವುದೆಂದು ನೋಡಿಕೊಂಡು, ಎರಡರಲ್ಲಿ ಒಂದು ಡಬ್ಬಿಯ ಮುಚ್ಚಳ ತೆರೆಯುತ್ತಾರೆ.