ಆಲೆ ಮರಕ್ಕೆ ಅರಗು ಹಿಡಿಸುವುದು: ಬಿಸಿಯ ಲೆಕ್ಕ

ಚನ್ನಪಟ್ಟಣದ ಗೊಂಬೆಗಳ ಹಾಗೆ ಮರ ಕಡೆದು ಅರಗಿನ ಬಣ್ಣ ಹಾಕುವುದನ್ನು ಹವ್ಯಾಸವಾಗಿ ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಲೇತ್‌ಗೆ (ಮರವನ್ನು ತಿರುಗಿಸುವ ಯಂತ್ರಕ್ಕೆ) ಮರ ಕಟ್ಟುವುದು, ಉಳಿ ಹಿಡಿಯುವುದು, ಉಳಿ ಮಸೆಯುವುದು ಇದರಲ್ಲಿಲ್ಲ. ಅವೆಲ್ಲ ಪಕ್ಕದಲ್ಲಿ ನಿಂತು ನೋಡಿದರೆ ಬೇಗ ಬರುತ್ತವೆ. ನನ್ನ ತಲೆಗೆ ಹತ್ತಲು ತುಂಬಾ ಹೊತ್ತು ಹಿಡಿದಿದ್ದು ಅರಗಿನ ಹಂತ. ಹಾಗಾಗಿ ಅದನ್ನೇ ಜಾಸ್ತಿ ಬರೆದಿದ್ದೇನೆ.

ಯಾಕೆ ಇದೇ ಮರ?

ಆಲೆ ಮರವನ್ನು ಕೆಲವು ಕಡೆ ಹಾಲೆ, ಬೆಪ್ಪಾಲೆ ಅಂತಲೂ ಕರೆಯುತ್ತಾರೆ. ಸಸ್ಯಶಾಸ್ತ್ರದ ಹೆಸರು ರೈಟಿಯಾ ಟಿಂಕ್ಟೋರಿಯಾ. ಒಣ ಕಾಡಿನ ಮರ. ಎಲೆ ಕಿತ್ತರೆ ಬಿಳಿ ಹಾಲು ಬರುತ್ತದೆ. ಉದ್ದನೆಯ ಕಾಯಿಗಳು ಜೋಡಿಯಾಗಿ ತೂಗುತ್ತವೆ, ಬಲಿಯುವವರೆಗೂ ಅವುಗಳ ತುದಿ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಆಂಧ್ರದ ಏಟಿಕೊಪ್ಪಾಕ ಗೊಂಬೆಗಳಿಗೂ ಇದೇ ಮರ.

ಇದರ ಮರ ದಂತದಂತೆ ಬೆಳ್ಳಗಿರುತ್ತದೆ, ಎಳೆ ತುಂಬಾ ನುಣುಪು. ತೇಗವನ್ನು ಅಡ್ಡ ಕುಯ್ದರೆ ಕಣ್ಣಿಗೇ ಕಾಣುವಷ್ಟು ದೊಡ್ಡ ರಂಧ್ರಗಳಿವೆ. ಆಲೆಯಲ್ಲಿ ಅವು ಬಹಳ ಸಣ್ಣವು. ಅರಗಿನ ಪದರ ತೆಳು, ಆದ್ದರಿಂದ ಅಡಿಯ ಮರ ನುಣುಪಾಗಿದ್ದಷ್ಟೂ ಹೊಳಪು ಸಮನಾಗಿ ಬರುತ್ತದೆ. ಮರ ಬೆಳ್ಳಗಿರುವುದರಿಂದ ಹಳದಿ ಹಳದಿಯಾಗೇ ಕಾಣುತ್ತದೆ.

ಮರ ಎಲ್ಲಿಂದ ತರುವುದು? ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ 1976ರಲ್ಲೇ ಬಂದಿದೆ. ಸ್ವಂತ ಜಮೀನಿನ ಮರಕ್ಕೂ ಅನುಮತಿ ಬೇಕಾಗಬಹುದು, ಕೇಳದೆ ಕೊಡಲಿ ಎತ್ತಬೇಡಿ. ನಮ್ಮಂಥ ಹವ್ಯಾಸಿಗಳಿಗೆ ಬೇಕಾಗಿರುವುದು ಕೈತೋಳು ಗಾತ್ರದ ತುಂಡು ಅಷ್ಟೇ. ಕಡೆಯುವವರ ಹತ್ತಿರ ಉಳಿದ ತುಂಡುಗಳನ್ನು ದುಡ್ಡು ಕೊಟ್ಟು ತರುವುದೇ ಸರಿಯಾದ ದಾರಿ ಅಂತ ನನ್ನ ಅಭಿಪ್ರಾಯ. ಮರವೂ ಉಳಿಯುತ್ತದೆ, ಅವರಿಗೂ ನಾಲ್ಕು ಕಾಸು ಸಿಗುತ್ತದೆ.

ಒಣಗಿಸುವುದು

ಹಸಿ ಆಲೆಯ ತೊಗಟೆ ಬೇಗ ಸುಲಿದು ನೆರಳಲ್ಲಿ ಗಾಳಿಯಾಡುವಂತೆ ಇಡಿ. ಹಾಗೇ ಬಿಟ್ಟರೆ ಬೂಷ್ಟು ಹಿಡಿದು ಬೂದು-ನೀಲಿ ಕಲೆ ಒಳಗಿಳಿಯುತ್ತದೆ. ಎರಡೂ ತುದಿಗೆ ಮೇಣ ಬಳಿಯಿರಿ, ಯಾಕೆಂದರೆ ನೀರು ತುದಿಯಿಂದಲೇ ಬೇಗ ಹೊರಡುತ್ತದೆ, ಬಿರುಕೂ ಅಲ್ಲೇ ಶುರುವಾಗುತ್ತದೆ.

ತೇವಾಂಶದ ಶೇಕಡಾ ಲೆಕ್ಕದಲ್ಲಿ ಒಂದು ಗೊಂದಲ ಇದೆ. 900 ಗ್ರಾಂ ಹಸಿ ತುಂಡು ಪೂರ್ತಿ ಒಣಗಿ 600 ಗ್ರಾಂ ಆಯಿತು ಅನ್ನಿ. ತೇವ 33 ಅಲ್ಲ, 50 ಪರ್ಸೆಂಟ್. ಮರಗೆಲಸದವರು ಸಾಮಾನ್ಯವಾಗಿ ಒಣ ತೂಕದಿಂದಲೇ ಭಾಗಿಸುತ್ತಾರೆ. ಮನೆಯಲ್ಲಿ ಇಷ್ಟೆಲ್ಲ ಬೇಕಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ತುಂಡಿನ ಮೇಲೇ ಬರೆಯಿರಿ. ತೂಕ ಇಳಿಯುವುದು ನಿಂತರೆ ಒಣಗಿದೆ ಅಂತ.

ಅರಗು: ನಿಜವಾದ ಕಷ್ಟ ಇಲ್ಲಿದೆ

ಅರಗು ಒಂದು ಪುಟ್ಟ ಕೀಟ ಕೊಡುವ ಅಂಟು. ಮುತ್ತುಗ, ಬೋರೆ ಮರಗಳ ರೆಂಬೆಗಳ ಮೇಲೆ ಸಿಗುತ್ತದೆ. ಅದನ್ನು ಕಾಯಿಸಿ, ಬಣ್ಣ ಸೇರಿಸಿ, ನಾದಿ ಕಡ್ಡಿ ಮಾಡುತ್ತಾರೆ. ತಿರುಗುತ್ತಿರುವ ಮರಕ್ಕೆ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ಒಣ ತಾಳೆಗರಿ ಒತ್ತಿ ಉಜ್ಜಿದರೆ ಸಮನಾಗಿ ಹರಡಿ ಹೊಳಪು ಬರುತ್ತದೆ. ಇಷ್ಟು ಎಲ್ಲರೂ ಹೇಳುತ್ತಾರೆ.

ಆದರೆ ಒಂದೇ ಗೊಂಬೆಯ ಹೊಟ್ಟೆಯ ಮೇಲೆ ಅರಗು ಗಟ್ಟಿ ಬಳೆಗಳಂತೆ ಕೂರುತ್ತದೆ, ಕುತ್ತಿಗೆಗೆ ಹಿಡಿಯುವುದೇ ಇಲ್ಲ. ಲೇತ್ ವೇಗ ಒಂದೇ, ಕಡ್ಡಿಯೂ ಒಂದೇ. ಹಾಗಾದರೆ ಯಾಕೆ?

ಲೇತ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದನ್ನು ಪಕ್ಕಕ್ಕಿಡಿ. ಕಡ್ಡಿಯ ಕೆಳಗೆ ಮರದ ಮೈ ಎಷ್ಟು ಜೋರಾಗಿ ಓಡುತ್ತಿದೆ, ಅದು ಮುಖ್ಯ. ನಿಮಿಷಕ್ಕೆ 1000 ಸುತ್ತು ಅಂದುಕೊಳ್ಳಿ. 6 ಸೆಂ.ಮೀ. ದಪ್ಪದ ಹೊಟ್ಟೆಯ ಸುತ್ತಳತೆ ಸುಮಾರು 18.8 ಸೆಂ.ಮೀ. ಅಂದರೆ ನಿಮಿಷಕ್ಕೆ 188 ಮೀಟರ್ ಓಟ. 2 ಸೆಂ.ಮೀ. ಕುತ್ತಿಗೆಯಲ್ಲಿ ಅದೇ ಲೆಕ್ಕಕ್ಕೆ ಬರೀ 63 ಮೀಟರ್. ಮೂರನೇ ಒಂದು ಪಾಲು! ತಿಕ್ಕಾಟದ ಬಿಸಿ ಎರಡರ ಮೇಲೆ ನಿಂತಿದೆ: ಎಷ್ಟು ಒತ್ತುತ್ತೀರಿ, ಮೈ ಎಷ್ಟು ಜೋರಾಗಿ ಓಡುತ್ತದೆ. ಎರಡನ್ನೂ ಗುಣಿಸಿ. ಓಟ ಮೂರನೇ ಒಂದು ಪಾಲಾದರೆ ಅಷ್ಟೇ ಬಿಸಿಗೆ ಒತ್ತಡ ಮೂರು ಪಟ್ಟು ಬೇಕು. ಅಥವಾ ಲೇತ್ ವೇಗ ಏರಿಸಬೇಕು.

ನನ್ನ ಇಷ್ಟದ ಸುಲಭ ಸೂತ್ರ ಇಷ್ಟೇ: ದಪ್ಪ ಜಾಗಕ್ಕೆ ಹಗುರ ಕೈ, ಸಣ್ಣ ಜಾಗಕ್ಕೆ ಗಟ್ಟಿ ಕೈ. ಲೆಕ್ಕ ಮರೆತರೂ ಇದು ನೆನಪಿರುತ್ತದೆ.

ಇದೇ ಲೆಕ್ಕವನ್ನು ತುದಿಯ ಚಪ್ಪಟೆ ಮುಖಕ್ಕೆ ಹಾಕಿ ನೋಡಿ. ಅಂಚಿನಲ್ಲಿ ಓಟ ಜೋರು, ಒಳಕ್ಕೆ ಹೋದಂತೆ ಕಡಿಮೆ, ನಟ್ಟನಡುವೆ ಸೊನ್ನೆ. ಅಲ್ಲಿ ಎಷ್ಟು ಒತ್ತಿದರೂ ಬಿಸಿ ಹುಟ್ಟುವುದಿಲ್ಲ. ಪಕ್ಕದ ಸುತ್ತಿನಲ್ಲಿ ಕರಗಿದ ಅರಗನ್ನು ಗರಿಯಿಂದ ಒಳಕ್ಕೆ ತಳ್ಳಬೇಕು. ಇಲ್ಲದಿದ್ದರೆ ನಡುವೆ ತೂತು ಕೊರೆದು ಬೇರೆ ತುಂಡು ಕೂರಿಸುವ ವಿನ್ಯಾಸ ಆರಿಸಿಕೊಳ್ಳಿ, ತೊಂದರೆಯೇ ಇರುವುದಿಲ್ಲ.

ಇನ್ನೊಂದು ಪ್ರಶ್ನೆ. ಬಿಸಿಯಾಗುವುದು ಮರವೋ ಕಡ್ಡಿಯೋ? ಎರಡೂ. ಆದರೆ ಮರದ ಒಂದೊಂದು ಜಾಗಕ್ಕೂ ಸುತ್ತಿಗೊಮ್ಮೆ ಮಾತ್ರ ತಿಕ್ಕು ಬೀಳುತ್ತದೆ. ಕಡ್ಡಿಯ ತುದಿಗೆ ಒಂದೇ ಸಮನೆ ಬೀಳುತ್ತದೆ. ಹಾಗಾಗಿ ಒಂದೇ ಕಡೆ ಹಿಡಿದು ನಿಂತರೆ ಕಡ್ಡಿ ಬೇಕಾದ್ದಕ್ಕಿಂತ ಜಾಸ್ತಿ ಕರಗಿ ಬಳೆ ಕಟ್ಟುತ್ತದೆ. ಕೈಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಲೇ ಇರಬೇಕು. ಬಳೆ ಬಂದರೂ ಗಾಬರಿ ಬೇಡ, ಇನ್ನಷ್ಟು ಅರಗು ಹಾಕದೆ ಗರಿ ಒತ್ತಿ. ಗರಿಯ ತಿಕ್ಕಾಟಕ್ಕೂ ಅದೇ ಲೆಕ್ಕ. ಉಬ್ಬು ಮೆತ್ತಗಾಗಿ ಪಕ್ಕಕ್ಕೆ ಹರಿಯುತ್ತದೆ.

ಮರ ಹಸಿ ಇದ್ದರೆ ಈ ಲೆಕ್ಕವೆಲ್ಲ ಕೆಡುತ್ತದೆ. ಹುಟ್ಟಿದ ಬಿಸಿಯನ್ನು ನೀರು ಹೀರಿಕೊಳ್ಳುತ್ತದೆ, ಅರಗು ಮೇಲೆಯೇ ನಿಂತು ಆಮೇಲೆ ಸಿಪ್ಪೆಯಂತೆ ಏಳುತ್ತದೆ. ತೂಗಿ ಬರೆದಿಟ್ಟುಕೊಳ್ಳಿ ಅಂದಿದ್ದು ಇದಕ್ಕೇ.

ಉಳಿದಿದ್ದು

ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಪ್ರತಿ ಬಣ್ಣಕ್ಕೂ ಬೇರೆ ಗರಿ. ಗರಿ ಬದಲು ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು ಲೇತ್ ಹತ್ತಿರ ಹೋಗಲೇಬೇಡಿ. ಮೆತ್ತಗಾದ ಅರಗು ಬಟ್ಟೆಯನ್ನು ಹಿಡಿದು ಬೆರಳಿನ ಸಮೇತ ಎಳೆದುಕೊಳ್ಳುತ್ತದೆ.

ಕಡ್ಡಿ ಮಾಡುವಾಗ ಅರಗನ್ನು ಒಲೆಯ ಮೇಲೆ ತುಂಬಾ ಹೊತ್ತು ಕಾಯಿಸಬೇಡಿ. ರಬ್ಬರಿನಂತಾಗಿ ಮತ್ತೆ ಕರಗದ ಸ್ಥಿತಿಗೆ ಹೋಗುತ್ತದೆ. ಮಾಡಿದ ವಸ್ತುವನ್ನು ಬಿಸಿಲು ಬೀಳುವ ಕಾರಿನೊಳಗೆ, ಬಿಸಿ ಪಾತ್ರೆಯ ಪಕ್ಕ ಇಡಬೇಡಿ. ಸ್ಯಾನಿಟೈಸರ್‌ನಿಂದ ಒರೆಸಲೂಬೇಡಿ, ಆಲ್ಕೋಹಾಲ್‌ನಲ್ಲಿ ಅರಗು ಕರಗುತ್ತದೆ. ಧೂಳಿಗೆ ಒಣ ಬಟ್ಟೆ ಸಾಕು. ಗೀರು ಬಿದ್ದರೆ ಮತ್ತೆ ಲೇತ್‌ಗೆ ಕಟ್ಟಿ ಗರಿ ಒತ್ತಿ. ಗೀರು ಮರದವರೆಗೆ ಇಳಿದಿರದಿದ್ದರೆ ಅರಗು ಮೆತ್ತಗಾಗಿ ಕೂಡಿಕೊಳ್ಳುತ್ತದೆ.